ಅರ್ಧ ತೆರೆದ ಡ್ರಾಯರು

ಒಂಬತ್ತನೆಯ ದಿನವೂ ಅವಳು ಫೋನನ್ನು ಕರವಸ್ತ್ರದಲ್ಲಿ ಸುತ್ತಿ, ಬಾಗಿಲ ಬಳಿ ಕೂತು ರೋಗಿಗಳಿಗೆ ಚೀಟಿ ಬರೆದುಕೊಡುವ ಅಕ್ಕನ ಕೈಗಿಟ್ಟಳು. ಆಸ್ಪತ್ರೆಯಲ್ಲಿ ಎಲ್ಲರಿಗೂ ಆಕೆ ಚೀಟಿಯಕ್ಕ; ಹಾಗೆಯೇ ಕಿವಿ ಪರೀಕ್ಷೆ ಮಾಡುವ ಅವಳು ಕಿವಿ ಮೇಡಂ.

"ಕೊಡಿ, ನಿಮ್ಮ ಕೂಸನ್ನ ಮಲಗಿಸ್ತೀನಿ," ಎಂದು ಚೀಟಿಯಕ್ಕ ಅದನ್ನು ಹಳೆಯ ಹೆಡ್‌ಫೋನುಗಳ ಬೀರುವಿನಲ್ಲಿಟ್ಟು ಬೀಗ ತಿರುಗಿಸಿದಳು. "ಅತ್ತರೆ ಕರೀಲಾ?"

"ಅದು ಅತ್ತರೂ ಕರೀಬೇಡಿ, ನಾನು ಅತ್ತರೂ ಕೊಡಬೇಡಿ. ಮಧ್ಯಾಹ್ನದವರೆಗೆ."

ಕಾರಿಡಾರಿನಲ್ಲಿ ನಡೆಯುವಾಗ ಬಲತೊಡೆಯ ಮೇಲೆ ಗುರ್ರೆಂದಿತು. ಕೈ ಹೋಗಿ ಕೋಟಿನ ಖಾಲಿ ಜೇಬನ್ನು ತಡವಿ, ಕದಿಯಲು ಹೋಗಿ ಸಿಕ್ಕಿಬಿದ್ದಂತೆ ನಾಚಿಕೊಂಡು ವಾಪಸು ಬಂತು. ಒಂಬತ್ತು ದಿನಗಳಿಂದ ಇಲ್ಲದ ಫೋನು ದಿನಕ್ಕೆ ಇಪ್ಪತ್ತು ಸಲ ಹೀಗೆ ಗುರುಗುಟ್ಟುತ್ತದೆ. ಮೊದಲ ದಿನ ಹತ್ತು ಗಂಟೆಗೇ ಹೋಗಿ, ತುರ್ತು ಫೋನು ಬರುವುದಿದೆ ಎಂದು ಬೀಗ ತೆಗೆಸಿದ್ದಳು. ಮೂರನೆಯ ದಿನ ಗಂಡನಿಗೆ ಜ್ವರ ಎಂದಿದ್ದಳು. ಗಂಡ ಆಗ ಗುಂಡುಕಲ್ಲಿನ ಹಾಗೆ ತನ್ನ ಕಚೇರಿಯಲ್ಲಿ ಕೂತಿದ್ದ. ಚೀಟಿಯಕ್ಕ ಒಂದು ಮಾತೂ ಆಡದೆ ಬೀಗ ತೆಗೆದುಕೊಟ್ಟಿದ್ದಳು, ಆಡಿದ್ದರೇ ವಾಸಿಯಿತ್ತು. ನಲವತ್ತೊಂದು ವರ್ಷದ ಹೆಂಗಸು, ಅಂಗೈಯಷ್ಟಗಲದ ವಸ್ತುವಿಗಾಗಿ ಕಟ್ಟಿಕೊಂಡ ಗಂಡನಿಗೆ ಜ್ವರ ಬರಿಸುವಳು. ಆರನೆಯ ದಿನದಿಂದ ಮಧ್ಯಾಹ್ನದವರೆಗೆ ತಡೆಯುತ್ತಿದ್ದಾಳೆ. ಈ ಬೀಗಕ್ಕೂ ಮೊದಲು ಏನೇನು ಮಾಡಲಿಲ್ಲ? ಫೋನಿನ ಪರದೆಯ ಬಣ್ಣವನ್ನೆಲ್ಲ ತೆಗೆದು ಬೂದು ಮಾಡಿಟ್ಟಳು. ಆ ಬೂದು ಬಣ್ಣವನ್ನೇ ನೋಡುತ್ತಾ ಕೂತಳು. ಆ್ಯಪುಗಳನ್ನೆಲ್ಲ ಅಳಿಸಿ, ಬಚ್ಚಲಿಗೆ ಹೋಗಿ ಬಾಗಿಲು ಮುಚ್ಚಿಕೊಂಡು ಮತ್ತೆ ಇಳಿಸಿಕೊಂಡಳು. ಯಾರೋ ಹೇಳಿದರೆಂದು ಫೋನಿಗೆ ರಬ್ಬರ್ ಬ್ಯಾಂಡ್ ಸುತ್ತಿದಳು, ಒಂದು ವಾರದಲ್ಲಿ ಹೆಬ್ಬೆರಳು ಅದನ್ನು ತಾನಾಗಿಯೇ ಸರಿಸುವುದನ್ನು ಕಲಿತುಬಿಟ್ಟಿತು. ಹಾಗಂತ ಅದರಲ್ಲಿ ಅಂಥದ್ದೇನು ನೋಡುತ್ತಾಳೆ? ವೀಡಿಯೊದಲ್ಲಿ ಎಲ್ಲಿಯವನೋ ಒಬ್ಬ ಮನುಷ್ಯ ಕೆಸರು ಮೆತ್ತಿದ ರತ್ನಗಂಬಳಿಗಳನ್ನು ನೀರು ಹೊಡೆದು ತೊಳೆಯುತ್ತಾನೆ. ಕಪ್ಪು ನೀರು ಹರಿದು ಹೋಗುತ್ತದೆ, ಕೆಳಗಿನಿಂದ ಕೆಂಪು ಹೂವು ಏಳುತ್ತದೆ, ಮುಗಿಯುತ್ತದೆ, ಇನ್ನೊಂದು ಗಂಬಳಿ ಬರುತ್ತದೆ. ಅವಳ ಮನೆಯಲ್ಲಿ ಗಂಬಳಿಯೇ ಇಲ್ಲ.

ಕೋಣೆಯ ಬಾಗಿಲು ತೆಗೆದು ದೀಪ ಹಾಕಿದಳು. ಕೋಣೆಯೊಳಗೆ ಇನ್ನೊಂದು ಸಣ್ಣ ಕೋಣೆ; ಗೋಡೆಗೆಲ್ಲ ದಪ್ಪನೆಯ ಬೂದು ಬಣ್ಣದ ಸ್ಪಂಜು, ಹೊರಗಿನ ಒಂದು ಸದ್ದೂ ಒಳಗೆ ಹೋಗದಂಥ ಭಾರದ ಬಾಗಿಲು, ಎದುರಿಗೆ ಒಂದು ಗಾಜು. ಗಾಜಿನ ಈಚೆ ಅವಳ ಮೇಜು, ಮೇಜಿನ ಮೇಲೆ ಸದ್ದು ಕಳಿಸುವ ಮೆಷಿನ್ನು. ಒಳಗೆ ಕೂತವರ ಕಿವಿಗೆ ಹೆಡ್‌ಫೋನು ಹಾಕಿ, ಇಲ್ಲಿಂದ ಗುಂಡಿ ಒತ್ತಿ ಒಂದೊಂದೇ ಸದ್ದು ಕಳಿಸಬೇಕು, ದಪ್ಪದ್ದು, ಸಣ್ಣದ್ದು, ಜೋರಾದ್ದು, ಇದೆಯೋ ಇಲ್ಲವೋ ಎಂಬಷ್ಟು ಮೆಲ್ಲನೆಯದ್ದು. ಕೇಳಿಸಿದರೆ ಅವರು ಕೈ ಎತ್ತುತ್ತಾರೆ. ಅವಳು ನಕ್ಷೆಯ ಮೇಲೆ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಗುರುತು ಹಾಕುತ್ತಾಳೆ; ಕೇಳಿಸಿದ ಸದ್ದು ಮೆಲ್ಲಗಾದಷ್ಟೂ ಗುರುತು ಮೇಲೆ. ಇಷ್ಟೇ ಕೆಲಸ. ಹದಿನೇಳು ವರ್ಷದಿಂದ ಅವಳು ಜನ ಕೇಳಿಸಿಕೊಳ್ಳುವುದನ್ನು ನೋಡುತ್ತಿದ್ದಾಳೆ. ನೋಡುತ್ತಿದ್ದಳು, ಎನ್ನಬೇಕು. ಮೇಜಿನ ಬಲಕ್ಕೆ ಮೊಣಕಾಲಿನ ಹತ್ತಿರ ಒಂದು ಡ್ರಾಯರು. ಅದು ಯಾವಾಗಿನಿಂದಲೋ ಅರ್ಧ ತೆರೆದೇ ಇರುತ್ತದೆ. ಒಳಗೆ ಮಡಿಸಿದ ಕೈಟವೆಲು, ಫೋನು ಅದುರಿದರೆ ಮರಕ್ಕೆ ಬಡಿದು ಸದ್ದಾಗದಿರಲಿ ಎಂದು. ಈಗ ಟವೆಲಿನ ಮೇಲೆ ಫೋನಿನಷ್ಟೇ ಅಗಲದ ಒಂದು ತಗ್ಗು ಮಾತ್ರ ಉಳಿದಿದೆ. ಡ್ರಾಯರನ್ನು ಮುಚ್ಚಬೇಕೆಂದು ದಿನವೂ ಅಂದುಕೊಳ್ಳುತ್ತಾಳೆ.

ಮೊದಲು ಬಂದವರು ಒಬ್ಬ ಮುದುಕರು, ಆಮೇಲೆ ಒಬ್ಬಳು ಬಾಣಂತಿ, ಆಮೇಲೆ ಕಾರ್ಖಾನೆಯ ಇಬ್ಬರು. ಪ್ರತಿ ಸದ್ದಿಗೂ ಅವಳು ಕಣ್ಣನ್ನು ಗಾಜಿನ ಮೇಲೆ ಕಟ್ಟಿಹಾಕಿದಂತೆ ಇಟ್ಟಳು. ಒಂದು ಮುಖವನ್ನು ಸುಮ್ಮನೆ ನೋಡುತ್ತಾ ಎಷ್ಟು ಹೊತ್ತು ಇರಬಲ್ಲೆ ಎಂದು ಮನಸ್ಸಿನಲ್ಲೇ ಎಣಿಸುವುದು ಈಚಿನ ಅಭ್ಯಾಸ. ಒಂದು, ಎರಡು, ಮೂರು, ನಾಲ್ಕು. ನಾಲ್ಕಕ್ಕೆ ಒಳಗೇನೋ ಜಾರುತ್ತದೆ, ಕಣ್ಣು ಡ್ರಾಯರಿನ ಕಡೆ ಹೊರಳುತ್ತದೆ. ನಿನ್ನೆ ಒಮ್ಮೆ ಏಳರವರೆಗೆ ಹೋಗಿದ್ದಳು. ಸಂಜೆ ಗಂಡನಿಗೆ ಹೇಳೋಣವೆಂದುಕೊಂಡು, ಹೇಗೆ ಹೇಳುವುದು ತಿಳಿಯದೆ ಬಿಟ್ಟಳು. ಅವನು ಅವಳೊಂದಿಗೆ ಮಾತಾಡುವುದನ್ನು ಬಿಟ್ಟು ವರ್ಷವಾಯಿತು, ಜಗಳವಾಡಿ ಅಲ್ಲ. ಮಾತಿನ ಮಧ್ಯೆ ನಿಲ್ಲಿಸಿ, ಅವಳು ತಲೆಯೆತ್ತುವಳೇನೋ ಎಂದು ಕಾದು, ಎತ್ತದಿದ್ದಾಗ ಎದ್ದು ಹೋಗುತ್ತಿದ್ದ; ಒಂದು ದಿನ ಶುರು ಮಾಡುವುದನ್ನೇ ಬಿಟ್ಟ. ಅವಳಿಗೆ ಅದು ಗೊತ್ತಾದದ್ದು ನಾಲ್ಕು ತಿಂಗಳ ಮೇಲೆ. ಹೋದ ತಿಂಗಳು ಇದೇ ಮೇಜಿನ ಎದುರು ಇನ್ನೊಬ್ಬ ಮುದುಕರು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿ, ಕೊನೆಗೆ ಕೋಲೂರಿ ಎದ್ದು, "ತಂಗಿ, ಒಂದ್ಸಲ ನೀನೇ ಒಳಗೆ ಕೂತ್ಕೋ, ನಾನು ಗುಂಡಿ ಒತ್ತಿ ನೋಡ್ತೀನಿ," ಎಂದಿದ್ದರು. ಹೊರಗೆ ಬೆಂಚಿನ ಮೇಲಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು. ಮನೆಗೆ ಹೋಗುವ ಬಸ್ಸಿನಲ್ಲಿ ಕಣ್ಣಲ್ಲಿ ನೀರು ಬಂತು, ಆ ನೀರಿನೊಳಗಿಂದಲೇ ಗಂಬಳಿ ನೋಡಿದಳು.

ಅವಳ ಅಪ್ಪ ಬಸ್ಸುಗಳ ಮೆಕ್ಯಾನಿಕ್ಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ನಿಲ್ಲುತ್ತಿದ್ದ. ಇನ್ನೊಂದು ಕೈಯನ್ನು ಗಾಳಿಯಲ್ಲೆತ್ತಿದರೆ ಸಾಕು, ಇಡೀ ಶೆಡ್ಡು ಬಾಯಿ ಮುಚ್ಚುತ್ತಿತ್ತು. ಅಪ್ಪನ ಕಣ್ಣು ಆಗ ಎಲ್ಲೂ ನೋಡುತ್ತಿರಲಿಲ್ಲ. ಮೈಯೆಲ್ಲ ಕಿವಿಯಾಗಿ, ಆ ಎಣ್ಣೆ ಮೆತ್ತಿದ ಕಬ್ಬಿಣದೊಳಗೆ ಇಳಿದುಹೋಗಿರುತ್ತಿದ್ದ. ಅವಳು ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತು, ನನ್ನನ್ನೂ ಯಾರಾದರೂ ಹೀಗೆ ಕೇಳಿಸಿಕೊಳ್ಳಬೇಕು ಎಂದುಕೊಳ್ಳುತ್ತಿದ್ದಳು, ಇಂಜಿನ್ನಿನ ಮೇಲೆ ಹೊಟ್ಟೆಕಿಚ್ಚುಪಟ್ಟಿದ್ದಳು. ಈ ಓದು ಆರಿಸಿಕೊಂಡದ್ದು ಅದಕ್ಕೇ ಇರಬೇಕು. ಕಲಿಸಿದ ಮೇಷ್ಟ್ರು ಮಹಾ ಕಟ್ಟುನಿಟ್ಟಿನ ಮನುಷ್ಯ. "ದೊಡ್ಡೋರ ಪರೀಕ್ಷೆ ಕತ್ತೆನೂ ಮಾಡುತ್ತೆ," ಎನ್ನುತ್ತಿದ್ದರು, "ಮಕ್ಕಳದ್ದು ಹಾಗಲ್ಲ. ಗಾಜಿನ ಆಚೆ ಕೂತ ಮಗುವಿಗೆ ನೀನೇ ಪ್ರಪಂಚ. ನೀನು ರೆಪ್ಪೆ ಬಡಿದ್ರೂ ಅದು ಉತ್ತರ ಕೊಡುತ್ತೆ. ಸದ್ದು ಕಳಿಸುವಾಗ ಮುಖ ಗೋಡೆ ಆಗಬೇಕು. ಒಂದೇ ತಾಳದಲ್ಲಿ ಕಳಿಸಬೇಡ, ಮಗು ತಾಳ ಹಿಡಿಯುತ್ತೆ. ಕಣ್ಣು ಮಗುವಿನ ಮೇಲೆ. ಮೆಷಿನ್ ಮೇಲಲ್ಲ, ಕಾಗದದ ಮೇಲಲ್ಲ." ಅವಳ ಮುಖ ಚೆನ್ನಾಗಿ ಗೋಡೆಯಾಗುತ್ತಿತ್ತು, ಮೇಷ್ಟ್ರು ಎಲ್ಲರೆದುರು ಹೊಗಳಿದ್ದರು.

ಹನ್ನೊಂದು ಗಂಟೆಗೆ ಚೀಟಿಯಕ್ಕ ಒಂದು ಫೈಲು ತಂದಿಟ್ಟಳು. "ಎರಡನೇ ಸಲ ಬಂದಿರೋದು. ಹುಡುಗಿ ಮಾತ್ರ ಭಾರಿ ಚೂಟಿ ಮೇಡಂ, ಬಾಗಿಲಲ್ಲೇ ನನ್ನ ಪೆನ್ನು ಕಿತ್ಕೊಂಡ್ಳು."

ಬಟ್ಟೆ ಹೊಲಿಯುವ ಹೆಂಗಸು ಮತ್ತು ಆಕೆಯ ಮಗಳು. ಹೆಂಗಸಿನ ಮುಖ ನೆನಪಾಗಲಿಲ್ಲ; ಬಲಗೈ ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ, ಅದು ಎಲ್ಲೋ ಕಂಡಂತಿತ್ತು. ಮಗುವಿಗೆ ಈಗ ನಾಲ್ಕು ವರ್ಷ ಎಂಟು ತಿಂಗಳು. ಅದಂತೂ ಅವಳನ್ನು ಕಂಡೊಡನೆ ಹಳೆಯ ಗೆಳತಿ ಸಿಕ್ಕಿದಂತೆ ಬಾಯಿ ತುಂಬ ನಕ್ಕು, ನೇರವಾಗಿ ಗಾಜಿನ ಕೋಣೆಯ ಬಾಗಿಲಿಗೆ ಹೋಗಿ ನಿಂತಿತು. ಅದಕ್ಕೆ ಎಲ್ಲವೂ ನೆನಪಿತ್ತು.

"ಶಾಲೆಯವರು ಇನ್ನೊಂದ್ಸಲ ತೋರಿಸ್ಕೊಂಡು ಬನ್ನಿ ಅಂದ್ರು, ಅದಕ್ಕೆ ಬಂದೆ," ಎಂದಳು ಹೊಲಿಗೆಯಾಕೆ, ಕೂರಲು ಹೇಳಿದ ಮೇಲೂ ನಿಂತೇ. "ಕರೆದ್ರೆ ತಿರುಗಲ್ವಂತೆ. ನಾನು ಹೇಳ್ದೆ, ಕಿವಿ ಚೆನ್ನಾಗಿದೆ, ಮೇಡಂ ನೋಡಿದ್ದಾರೆ, ಕಾಗದ ಕೊಟ್ಟಿದ್ದಾರೆ ಅಂತ. ಸ್ವಲ್ಪ ಹಟಮಾರಿ ಅಷ್ಟೆ, ಬೇಕಾದ್ರೆ ತಿರುಗ್ತಾಳೆ."

"ಮಾತು?"

"ಇನ್ನೂ ಬಂದಿಲ್ಲ. ಬರುತ್ತೆ." ಆಕೆಯ ದನಿಯಲ್ಲಿ ಅನುಮಾನವೇ ಇರಲಿಲ್ಲ. "ನೀವು ಹೇಳಿದ್ದನ್ನ ಒಂದೂ ಬಿಡದೆ ಮಾಡಿದೀನಿ ಮೇಡಂ. ಮೊಬೈಲ್ ಕೊಟ್ಟು ಮಗೂನ ಕೆಡಿಸಿದೀರಿ ಅಂದ್ರಲ್ಲ ಹೋದ್ಸಲ? ಅವತ್ತೇ ನಿಲ್ಲಿಸ್ದೆ. ಟೀವಿ ತಂತಿ ಕಿತ್ತುಹಾಕ್ದೆ. ಅಂಗಡಿ ಕೆಲಸ ಬಿಟ್ಟು ಮನೇಲೇ ಹೊಲೀತೀನಿ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಎದುರಿಗೆ ಕೂರಿಸ್ಕೊಂಡು ಮಾತಾಡ್ತೀನಿ. ಮಾತಾಡಿ ಮಾತಾಡಿ ಗಂಟಲು ಕಟ್ಟಿಹೋಗುತ್ತೆ. ನಮ್ಮತ್ತೆ, ನಿನ್ನ ಬಾಯಿಗೆ ಹೊಲಿಗೆ ಹಾಕ್ಕೋ ಅಂತಾರೆ." ಆಕೆ ನಕ್ಕಳು. "ಅವಳು ಎಷ್ಟು ಚೆನ್ನಾಗಿ ಕೇಳ್ತಾಳೆ ಅಂತೀರಿ! ಕಣ್ಣು ಅಲುಗಿಸಲ್ಲ."

ಫೈಲು ತೆರೆದಳು. ಹದಿನಾಲ್ಕು ತಿಂಗಳ ಹಿಂದಿನ ಅವಳದೇ ಅಕ್ಷರ: ಶ್ರವಣ ಸಹಜ, ಮಗುವಿಗೆ ಮೊಬೈಲ್ ಕೊಡಬಾರದು, ಹೆಚ್ಚು ಮಾತನಾಡಿಸಿ. ಕೆಳಗೆ ಅವಳದೇ ಸಹಿ. ನಕ್ಷೆಯ ಮೇಲಂಚಿನಲ್ಲಿ ಕೆಂಪು ಸೊನ್ನೆಗಳು, ನೀಲಿ ಗುರುತುಗಳು ಒಂದರ ಪಕ್ಕ ಒಂದು, ಸರಿಯಾಗಿ ಒಂದೇ ಮಟ್ಟದಲ್ಲಿ, ನೋಡಿದರೆ ಕಣ್ಣಿಗೆ ಹಿತವಾಗುವಂತಿದ್ದವು. ಇಷ್ಟು ಚೆಂದದ ನಕ್ಷೆ ಅಪರೂಪ. ಅಷ್ಟು ಚೆಂದವಿದ್ದುದಕ್ಕೇ ಅವಳ ಬೆನ್ನ ಮೇಲೆ ಸಣ್ಣಗೆ ಬೆವರು ಕಿತ್ತಿತು. ಏಕೆಂದು ಆಗ ಅವಳಿಗೂ ಹೇಳಲಾಗುತ್ತಿರಲಿಲ್ಲ.

ಮಗುವನ್ನು ಒಳಗೆ ಕೂರಿಸಿ ಹೆಡ್‌ಫೋನು ಹಾಕಿದಳು. ಸಣ್ಣ ಮಕ್ಕಳಿಗೆ ಕೈ ಎತ್ತಿ ಎಂದರೆ ಆಗುವುದಿಲ್ಲ, ಆಟವಾಗಬೇಕು: ಒಂದು ತಟ್ಟೆಯ ತುಂಬ ಮರದ ಬಿಲ್ಲೆಗಳು, ಮುಂದೆ ಒಂದು ತಗಡಿನ ಡಬ್ಬಿ. ಬಿಲ್ಲೆಯನ್ನು ಕೆನ್ನೆಗೆ ಹಿಡಿದುಕೊಂಡು ಕಾಯಬೇಕು, ಸದ್ದು ಕೇಳಿಸಿದ ತಕ್ಷಣ ಡಬ್ಬಿಗೆ ಹಾಕಬೇಕು. ಹೇಳಿಕೊಡುವ ಮೊದಲೇ ಮಗು ಕೆಂಪು ಬಿಲ್ಲೆ ತೆಗೆದು ಕೆನ್ನೆಗಿಟ್ಟುಕೊಂಡು ಅವಳತ್ತ ನೋಡಿತು. ತಾಯಿ ಮಗುವಿನ ಹಿಂದೆ ಮೂಲೆಯ ಕುರ್ಚಿಯಲ್ಲಿ ಕೂತಳು. ಅವಳು ಭಾರದ ಬಾಗಿಲನ್ನು ಎಳೆದುಕೊಂಡು ಹೊರಬಂದು ಮೇಜಿನ ಮುಂದೆ ಕೂತು, ಮುಖವನ್ನು ಗೋಡೆ ಮಾಡಿಕೊಂಡು, ಮಾತಿನಷ್ಟು ಜೋರಿನ ಒಂದು ಸದ್ದನ್ನು ಕಳಿಸಿದಳು.

ಮಗು ಅವಳನ್ನೇ ನೋಡುತ್ತಿತ್ತು. ಬಿಲ್ಲೆ ಕೆನ್ನೆಯ ಮೇಲೆಯೇ ಇತ್ತು.

ಇನ್ನೂ ಆಟ ನೆನಪಾಗಿಲ್ಲ ಎಂದುಕೊಂಡು ಸ್ವಲ್ಪ ಏರಿಸಿದಳು. ಮತ್ತೂ ಏರಿಸಿದಳು. ಬಾಗಿಲು ದಡಾರೆಂದು ಬಡಿದುಕೊಂಡಷ್ಟು ಸದ್ದು. ಮಗು ತುಟಿಯನ್ನು ಮುಂದೆ ಮಾಡಿ, ಹುಬ್ಬೇರಿಸಿ, ಕಾಯುತ್ತಿತ್ತು. ಅವಳು ಇಷ್ಟು ದಿನದಲ್ಲಿ ಯಾವ ಮುಖವನ್ನೂ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಎಡಗಣ್ಣಿನ ಕೆಳಗೆ ಒಂದು ಮಚ್ಚೆ, ಮುಂದಿನ ಹಲ್ಲಿನಲ್ಲಿ ಸಣ್ಣ ಸೀಳು, ಕಣ್ಣೆರಡೂ ಅವಳ ಮುಖದ ಮೇಲೆ ಇಂಚಿಂಚಾಗಿ ಓಡಾಡುತ್ತಾ ಏನನ್ನೋ ಹುಡುಕುತ್ತಿದ್ದವು, ಹಣೆ, ಹುಬ್ಬು, ತುಟಿ, ಹೆಗಲು. ಜನ ಅವಳನ್ನು ಇಷ್ಟು ಗಮನವಿಟ್ಟು ನೋಡಿದ್ದುಂಟೇ? ಅಪ್ಪ ಕೂಡ ಇಲ್ಲ, ಅವನದು ಇಂಜಿನ್ನಿಗೆ. ಲಾರಿ ಕಿವಿಯ ಪಕ್ಕ ಹಾರ್ನ್ ಹೊಡೆದಷ್ಟಕ್ಕೆ ಏರಿಸಿ ಗುಂಡಿ ಒತ್ತಿದಳು. ಮೂಲೆಯಲ್ಲಿ ಕೂತ ತಾಯಿ ಚಕ್ಕನೆ ತಲೆಯೆತ್ತಿದಳು. ಮಗಳ ಕಿವಿಯಿಂದ ಸೋರಿ ಬಂದ ಸದ್ದು ಅಷ್ಟು ದೂರದಲ್ಲಿದ್ದ ಆಕೆಗೇ ಕೇಳಿಸಿತ್ತು. ಮಗು ಅಲುಗಲಿಲ್ಲ. ಮೇಜಿನ ಮೇಲಿನ ಸಣ್ಣ ಸ್ಪೀಕರಿನಲ್ಲಿ ಒಳಗಿನಿಂದ ತಾಯಿಯ ದನಿ ಬಂತು: "ಆಟ ಬೇಜಾರಾಗಿರಬೇಕು ಮೇಡಂ. ಮನೇಲಿ ದಿನಾ ಇದನ್ನೇ ಆಡ್ತಾಳೆ. ನಾನು ಕೂರಬೇಕು, ಅವಳು ಬಟ್ಟೆಗುಂಡಿ ಹಿಡ್ಕೊಂಡು ಕಾಯಬೇಕು."

ಆಗ ಮಗುವಿಗೆ ತಾಳ್ಮೆ ತಪ್ಪಿತೋ, ಅಥವಾ ಈ ಹೆಂಗಸಿಗೆ ಆಟ ಮರೆತುಹೋಗಿದೆ ಎಂದು ಕನಿಕರ ಹುಟ್ಟಿತೋ. ಅದು ಬಿಲ್ಲೆಯನ್ನು ಕೆನ್ನೆಯಿಂದ ತೆಗೆಯದೆ, ಅವಳ ಕಣ್ಣಲ್ಲಿ ಕಣ್ಣಿಟ್ಟು, ನಿಧಾನವಾಗಿ ಗಲ್ಲವನ್ನು ಕೆಳಗಿಳಿಸಿ, ತನ್ನ ಬಲ ಮೊಣಕಾಲಿನ ಹತ್ತಿರ ಏನನ್ನೋ ನೋಡಿ, ಮತ್ತೆ ತಲೆಯೆತ್ತಿತು. ಹೀಗೆ ಮಾಡು, ಎಂಬಂತೆ. ಅರ್ಥವಾಗಲಿಲ್ಲವೆಂದು ಇನ್ನೊಮ್ಮೆ ಮಾಡಿತು. ಗಲ್ಲ ಕೆಳಗೆ, ಕಣ್ಣು ಬಲಕ್ಕೆ, ತುಟಿಯ ಮೂಲೆಯಲ್ಲಿ ಯಾವುದೋ ಗಂಬಳಿಯಿಂದ ಹೂವು ಎದ್ದುದಕ್ಕೆ ಬಂದ ಸಣ್ಣ ನಗೆ. ಅದು ಅವಳ ಮುಖವೇ ಆಗಿತ್ತು. ಗಂಡ ಹತ್ತು ವರ್ಷ ನೋಡಿ ಬೇಸತ್ತ ಮುಖ, ಅವಳು ಎಂದೂ ಕಂಡಿರದ ಮುಖ, ನಾಲ್ಕು ವರ್ಷದ ಮಗುವಿನ ಮುಖದ ಮೇಲೆ ಚಾಚೂ ತಪ್ಪದೆ ಬಂದು ಕೂತಿತ್ತು.

ಬೆಟ್ಟು ಮಾಡಿ ತೋರಿಸಿದ ಮೇಲೆ ಇನ್ನೇನು ಉಳಿಯಿತು ತಿಳಿಯಲು. ಸದ್ದು ಕಳಿಸಿದ ಮೇಲೆ ಮಗು ಬಿಲ್ಲೆ ಹಾಕುವುದಕ್ಕೆ ಎರಡು ಕ್ಷಣ ಹಿಡಿಯುತ್ತದೆ. ಆ ಎರಡು ಕ್ಷಣ ಸುಮ್ಮನೆ ಹಾಳಾಗುತ್ತದಲ್ಲ ಎಂದು ಹೋದ ಸಲ ಅವಳು ಗುಂಡಿ ಒತ್ತಿದ ಕೂಡಲೇ ಡ್ರಾಯರಿನೊಳಗೆ ನೋಡುತ್ತಿದ್ದಳು. ಪ್ರತಿ ಸಲವೂ. ಸ್ಪೀಕರಿನಲ್ಲಿ ಟಕ್ ಎಂದು ಬಿಲ್ಲೆ ಬಿದ್ದ ಸದ್ದು ಬಂದರೆ, ಅದನ್ನು ಕೇಳಿಸಿಕೊಂಡು, ತಲೆಯೆತ್ತದೆಯೇ ಕೆಂಪು ಸೊನ್ನೆ ಹಾಕುತ್ತಿದ್ದಳು. ಮಗುವಿನ ಕಿವಿಯನ್ನು ಪರೀಕ್ಷಿಸಲು ಕೂತವಳು ತನ್ನ ಕಿವಿಯಿಂದ ಪರೀಕ್ಷೆ ಮುಗಿಸಿದ್ದಳು. ಆಚೆ ಆ ಮಗು, ಒಂದು ಸದ್ದೂ ತಲುಪದ ಮಗು, ಈ ಆಟದ ಗುಟ್ಟೇನು ಎಂದು ಜೀವ ಕಣ್ಣಿಗೆ ತಂದುಕೊಂಡು ಅವಳ ಮುಖ ನೋಡಿ, ಎರಡೇ ನಿಮಿಷದಲ್ಲಿ ಕಂಡುಹಿಡಿದಿತ್ತು: ಇವಳು ಕೆಳಗೆ ನೋಡಿದಾಗ ಹಾಕಬೇಕು. ಒಂದನ್ನೂ ತಪ್ಪಿಸಿರಲಿಲ್ಲ. ನಕ್ಷೆ ಅಷ್ಟು ಚೆಂದವಾಗಿ ಬಂದದ್ದು ಹಾಗೆ. ಅವತ್ತು ಏನು ನೋಡುತ್ತಿದ್ದೆ? ಈ ಹದಿನಾಲ್ಕು ತಿಂಗಳನ್ನು ತಿಂದುಹಾಕಿದ್ದು ಏನು? ನೆನಪಿಸಿಕೊಳ್ಳಲು ನೋಡಿದಳು. ಗಂಬಳಿಯೋ, ತಂಗಿ ಕಳಿಸಿದ ಪರದೆ ಬಟ್ಟೆಯ ಬಣ್ಣವೋ, ಯಾರದೋ ಮನೆಯ ಬೆಕ್ಕೋ. ಏನೂ ನೆನಪಿರಲಿಲ್ಲ. ದೊಡ್ಡ ಪಾಪ ಮಾಡಿದವರಿಗೆ ಕೊನೆಗೆ ಆ ಪಾಪದ ನೆನಪಾದರೂ ಉಳಿಯುತ್ತದೆ, ಅವಳ ಪಾಲಿಗೆ ಅದೂ ಇಲ್ಲ. ಅದೇ ಮೇಜಿನ ಮುಂದೆ ನಿಲ್ಲಿಸಿಕೊಂಡು, ಮೊಬೈಲ್ ಕೊಟ್ಟು ಮಗೂನ ಕೆಡಿಸಿದೀರಿ ಎಂದು ಈ ಹೆಂಗಸಿಗೆ ಬುದ್ಧಿ ಹೇಳಿದ್ದಳಂತೆ. ಆಗಲೂ ಡ್ರಾಯರು ಅರ್ಧ ತೆರೆದೇ ಇತ್ತು. ಆಕೆ ಮನೆಗೆ ಹೋಗಿ, ದಿನಕ್ಕೆ ನಾಲ್ಕು ಗಂಟೆಯಂತೆ, ಗಂಟಲು ಕಟ್ಟುವವರೆಗೆ ಮಾತಾಡಿದಳು, ಒಂದು ಮಾತೂ ಕೇಳಿಸದ ಮಗುವಿನೊಂದಿಗೆ. ಮಾತು ನೆಡಬೇಕಾದ ವಯಸ್ಸು ಹಾಗೆ ಸೋರಿಹೋಯಿತು. ಈ ವಯಸ್ಸಿನ ಹದಿನಾಲ್ಕು ತಿಂಗಳೆಂದರೆ ಏನು ಎಂಬುದು ಇಡೀ ಆಸ್ಪತ್ರೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವಳಿಗೇ.

ಪರೀಕ್ಷೆಯನ್ನಾದರೂ ಸರಿಯಾಗಿ ಮುಗಿಸಬೇಕು. ಮೇಷ್ಟ್ರು ಕಲಿಸಿದ ಹಳೆಯ ಉಪಾಯದಂತೆ ಫೈಲನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದು, ಅಂಚಿನ ಸಂದಿಯಿಂದ ಒಂದೇ ಕಣ್ಣಲ್ಲಿ ನೋಡುತ್ತಾ ಸದ್ದು ಕಳಿಸಿದಳು. ಬಲಗಿವಿ, ಎಡಗಿವಿ, ದಪ್ಪ ಸದ್ದು, ಸಣ್ಣ ಸದ್ದು, ಮೆಷಿನ್ನಿನ ಕೊನೆಯ ಅಂಕೆಯವರೆಗೆ. ಮುಖ ಕಾಣದಾದ ಕೂಡಲೇ ಮಗು ಕುರ್ಚಿಯಲ್ಲಿ ಅತ್ತಿತ್ತ ವಾಲಿ ಇಣುಕಿತು. ನಕ್ಕಿತು. ಆಮೇಲೆ ನಗುವುದನ್ನು ನಿಲ್ಲಿಸಿತು. ಪ್ರಪಂಚದ ದೀಪ ಆರಿಸಿದಂತೆ ಅದರ ಮುಖ ಸಪ್ಪಗಾಯಿತು. ಬಿಲ್ಲೆ ಹಿಡಿದ ಕೈ ಮೆಲ್ಲಗೆ ಮಡಿಲಿಗೆ ಇಳಿಯಿತು. ಅವಳು ನಕ್ಷೆಯ ತಳದಲ್ಲಿ ಸೊನ್ನೆಗಳನ್ನು, ಗುಣಾಕಾರ ಗುರುತುಗಳನ್ನು ಹಾಕಿ, ಪ್ರತಿಯೊಂದಕ್ಕೂ ಕೆಳಮುಖದ ಬಾಣ ಎಳೆದಳು. ಬಾಣವೆಂದರೆ ಮೆಷಿನ್ನಿನ ಶಕ್ತಿ ಮುಗಿಯಿತು, ಉತ್ತರ ಬರಲಿಲ್ಲ ಎಂದರ್ಥ. ಇವತ್ತಿನ ನಕ್ಷೆ ಹೀಗೆ, ಹೋದ ಸಲದ್ದು ಹಾಗೆ, ಮಧ್ಯೆ ಏನೋ ಆಗಿದೆ, ಜ್ವರವೋ ಸೋಂಕೋ, ಎಂದರೆ ಯಾರು ಕೇಳುತ್ತಾರೆ? ಎಷ್ಟೋ ಮಕ್ಕಳಿಗೆ ಹಾಗೂ ಆಗುತ್ತದೆ. ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರೆ ಮುಂದಿನದು ಅವರ ಪಾಡು. ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ, ಅದು ಬೇರೆ ಯಾರೋ ಕಿವಿಯಲ್ಲಿ ಊದಿದ್ದೇನೋ ಅನ್ನಿಸಿತು. ಬೇರೆ ಯಾರೂ ಇರಲಿಲ್ಲ.

ಬಾಗಿಲು ತೆರೆದಳು. ತಾಯಿ ಮಗಳ ಕೈ ಹಿಡಿದು ಹೊರಬಂದು ಮೇಜಿನ ಪಕ್ಕ ನಿಂತಳು. ಮಗು ಆ ಒಂದು ಕೆಂಪು ಬಿಲ್ಲೆಯನ್ನು ಬಿಟ್ಟಿರಲಿಲ್ಲ. ಮುಖ ಮತ್ತೆ ಸಿಕ್ಕಿದ ಸಂತೋಷಕ್ಕೆ ಅದನ್ನು ಕೆನ್ನೆಗೊತ್ತಿಕೊಂಡು ಕೆಳಗಿನಿಂದ ಅವಳನ್ನೇ ನೋಡತೊಡಗಿತು.

"ಕೂತ್ಕೊಳ್ಳಿ," ಎಂದಳು.

"ಪರವಾಗಿಲ್ಲ, ಹೇಳಿ."

"ನಿಮ್ಮ ಮಗಳಿಗೆ ಕೇಳಿಸ್ತಿಲ್ಲ. ಎರಡೂ ಕಿವಿ. ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ. ಅಲ್ಲಿ ಮಗೂನ ಮಲಗಿಸಿ ಇನ್ನೊಂದು ಪರೀಕ್ಷೆ ಮಾಡ್ತಾರೆ. ಆದ್ರೆ..." ಪೆನ್ನನ್ನು ಫೈಲಿನ ಮೇಲಿಟ್ಟಳು. "ಆದ್ರೆ ನನಗೆ ಅನುಮಾನ ಇಲ್ಲ."

ಹೊಲಿಗೆಯಾಕೆ ಅಳಲಿಲ್ಲ. ಮಾತು ಅರ್ಥವಾಗದವಳಂತೆ ಮಗಳ ನೆತ್ತಿಯ ಮೇಲೆ ಕೈಯಿಟ್ಟು, "ಹೋದ್ಸಲ ಕೇಳ್ತಿತ್ತಲ್ಲ?" ಎಂದಳು.

"ಹೋದ್ಸಲದ್ದು ತಪ್ಪು."

"ತಪ್ಪು ಅಂದ್ರೆ?" ಆಕೆ ಮೇಜಿನ ಮೇಲಿನದನ್ನು ನೋಡಿದಳು. "ಮೆಷಿನ್ ಕೆಟ್ಟಿತ್ತಾ ಮೇಡಂ?"

ಬೇಡಿಕೊಳ್ಳುವಂಥ ದನಿ. ಹೌದು ಎಂದುಬಿಟ್ಟರೆ ಆಕೆಗೂ ಸಮಾಧಾನ. ಮೆಷಿನ್ನಿನ ಮೇಲೆ ಸಿಟ್ಟು ಮಾಡಿಕೊಂಡು ಮನೆಗೆ ಹೋಗಬಹುದು. ಕಾರಿಡಾರಿನಲ್ಲಿ ಚೀಟಿಯಕ್ಕ ಯಾರದೋ ಹೆಸರು ಕೂಗುತ್ತಿದ್ದಳು. ಅವಳು ಕಣ್ಣನ್ನು ಎತ್ತಿ ಆಕೆಯ ಮುಖದ ಮೇಲೆ ಇಟ್ಟಳು, ಈ ಒಂಬತ್ತು ದಿನ ಕಲಿತದ್ದನ್ನೆಲ್ಲ ಒಟ್ಟುಗೂಡಿಸಿ ಇಟ್ಟಳು. ಇಷ್ಟಾದರೂ ಮಾಡಬೇಕು, ಇದನ್ನಾದರೂ ಮುಖ ನೋಡಿ ಹೇಳಬೇಕು.

"ಇಲ್ಲ. ಮೆಷಿನ್ ಸರಿಯಾಗಿತ್ತು. ಅವತ್ತು ನಾನು ಮಗೂನ ನೋಡ್ತಾ ಇರ್ಲಿಲ್ಲ."

"ಎದುರಿಗೇ ಕೂತಿದ್ರಲ್ಲ?"

"ಕೂತಿದ್ದೆ. ನೋಡ್ತಿರ್ಲಿಲ್ಲ."

ಹೊಲಿಗೆಯಾಕೆಯ ಹುಬ್ಬು ಗಂಟಿಕ್ಕಿತು. ಸಿಟ್ಟು ಇನ್ನೂ ಬಂದಿರಲಿಲ್ಲ, ಅದು ದಾರಿಯಲ್ಲಿತ್ತು; ಸದ್ಯಕ್ಕೆ ಆಕೆಗೆ ತಿಳಿದುಕೊಳ್ಳಬೇಕಿತ್ತು, ಅಷ್ಟೆ. "ಮತ್ತೆ ಎಲ್ಲಿ ನೋಡ್ತಿದ್ರಿ?"

ಒಂದು, ಎರಡು, ಮೂರು. ಆಕೆಯ ಕಣ್ಣ ಸುತ್ತ ಕಪ್ಪು ಕಟ್ಟಿತ್ತು, ಕೆಳತುಟಿ ಒಡೆದಿತ್ತು, ಹಣೆಯ ಮೇಲೆ ಒಂದು ದಾರದ ಎಳೆ ಅಂಟಿತ್ತು. ನಾಲ್ಕು. ಬಲತೊಡೆಯ ಮೇಲೆ ಗುರ್ರೆಂದಿತು, ಅಥವಾ ನಾಚಿಕೆಯಿಂದ ತಲೆ ತಾನಾಗಿ ತಗ್ಗಿತು, ಯಾವುದೆಂದು ಅವಳಿಗೆ ಆಮೇಲೂ ತಿಳಿಯಲಿಲ್ಲ. ಕಣ್ಣು ಜಾರಿ, ಮೊಣಕಾಲಿನ ಹತ್ತಿರ, ಮಡಿಸಿದ ಟವೆಲಿನ ಮೇಲಿನ ಆ ಖಾಲಿ ತಗ್ಗಿನ ಮೇಲೆ ಹೋಗಿ ಬಿತ್ತು.

ಟಕ್.

ಬಿಲ್ಲೆ ನೆಲಕ್ಕೆ ಬಿದ್ದು ಉರುಳಿ, ಅವಳ ಚಪ್ಪಲಿಗೆ ತಾಗಿ ನಿಂತಿತು. ಮಗು ಗೆದ್ದವರ ಹಾಗೆ ಎರಡೂ ಕೈ ತಟ್ಟಿ ನಕ್ಕಿತು. ತಾಯಿ ಬಿಲ್ಲೆಯನ್ನು ನೋಡಿದಳು, ಅವಳ ಬಗ್ಗಿದ ಮುಖವನ್ನು ನೋಡಿದಳು, ಆ ಮುಖ ನೋಡುತ್ತಿದ್ದ ಕಡೆ ನೋಡಿದಳು, ಅರ್ಧ ತೆರೆದ ಡ್ರಾಯರಿನೊಳಗೆ. ಅಷ್ಟರಲ್ಲಿ ಮಗು ಬಗ್ಗಿ ಬಿಲ್ಲೆಯನ್ನು ಎತ್ತಿಕೊಂಡು ಮತ್ತೆ ಕೆನ್ನೆಗೆ ಇಟ್ಟುಕೊಂಡಿತ್ತು.